ಘಟ್ಟದ ದರ

ಹನ್ನೊಂದು ವರ್ಷ ಬರೆದಿದ್ದೇನೆ: ಕರ್ಜತ್–ಲೋಣಾವಳಾ, ಇಪ್ಪತ್ತೆಂಟು.
ಕಲ್ಯಾಣದ ಎರಡನೇ ಮಹಡಿ, ಭತ್ಯೆ ವಿಭಾಗ,
ಫ್ಯಾನಿನ ಗಾಳಿಗೆ ಹಾರದಂತೆ ಹಾಳೆಯ ಮೇಲೊಂದು
ಹಳೇ ಹಳಿಯ ಬೋಲ್ಟು.
ಘಟ್ಟದ ದರ ಬೇರೆ, ಬಯಲಿನ ದರ ಬೇರೆ,
ಅಷ್ಟು ಗೊತ್ತು ನನಗೆ; ಘಟ್ಟ ಗೊತ್ತಿರಲಿಲ್ಲ.
ಊರಿಗೆ ಹೋಗುವಾಗೆಲ್ಲ ನಿದ್ದೆಯಲ್ಲೇ ಏರಿದ್ದೇನೆ ಅದನ್ನು,
ಬಾಯಿ ತೆರೆದು, ಸೊಲ್ಲಾಪುರದ ಟಿಕೆಟ್ಟು ಕಿಸೆಯಲ್ಲಿ.

ಜನವರಿ ಒಂಬತ್ತು: ಠಾಕುರವಾಡಿಯಲ್ಲಿ ನಿಂತದ್ದು ಮೂವತ್ತೇಳು ನಿಮಿಷ
ಎಂದು ಬರೆದಿದ್ದ ಡ್ರೈವರ್ ಸಿದ್ರಾಮ ಉಮರಾಣಿ.
ನಿಂತದ್ದಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ?
ಕೆಂಪು ಗೆರೆ ಎಳೆದೆ.
ಜತ್ತದ ಮನುಷ್ಯ, ಕೌಂಟರಿಗೇ ಬಂದ, ಜಗಳವಾಡಲಿಲ್ಲ.
“ಒಮ್ಮೆ ಬರ್ರಿ ಸಾಹೇಬ್ರ, ಹಿಂದಿನ ಎಂಜಿನ್ನಿನ್ಯಾಗ” ಅಂದ,
ಬೀಗರೂಟಕ್ಕೆ ಕರೆದ ಹಾಗೆ.

ಮಾರ್ಚ್ ಕೊನೆ. ಲೆಕ್ಕ ಮುಗಿಯುವ ವಾರ. ಪಾಸು ಬಂತು.

ಕರ್ಜತ್. ವಡಾ ಕೂಗುವವರು ಮುಂದಿನ ಬೋಗಿಗಳ ಕಡೆಗೇ ಓಡುತ್ತಾರೆ.
ನಮ್ಮನ್ನು ಬಾಲಕ್ಕೆ ಕಟ್ಟಿದರು. ಧಡ್—
ಒಂದು ಪೆಟ್ಟು, ಆಮೇಲೆ ಅದರ ಕಿರಿಯ ತಮ್ಮನಂಥ ಇನ್ನೊಂದು.
ಗಾಜಿನಾಚೆ ನಾನು ಹುಡುಕಿದ್ದು ಹಳಿ, ಕಣಿವೆ, ಆಕಾಶ;
ಸಿಕ್ಕಿದ್ದು ಕೊನೆಯ ಬೋಗಿಯ ಬೆನ್ನು,
ಅದರ ಮೇಲೆ ಹಳದಿ ಕತ್ತರಿ ಗುರುತು,
ಗಾರ್ಡ್ ಲೋಬೋ ಸರಳಿಗೆ ಒಣಹಾಕಿದ ಚೌಕುಳಿ ಟವೆಲ್ಲು.
“ದಾರಿ ಎಲ್ಲಿ?” ಅಂದೆ.
“ದಾರಿ ಮುಂದಿನವನ್ದು. ನೋಡಾಂವ ಅವ, ನೂಕಾಂವ ನಾ.”
ಅಸಿಸ್ಟೆಂಟ್ ರೇಷ್ಮಾ ಶಿಕಲಗಾರ ನಕ್ಕಳು,
ಬ್ಲೋವರ್ ಪೆಟ್ಟಿಗೆಯ ಮೇಲೆ ಮೂವರ ಬುತ್ತಿ ಬೆಚ್ಚಗಿಟ್ಟು.

ಪಳಸದರಿ ದಾಟಿದ್ದೇ ನೆಲ ಓರೆಯಾಯಿತು.
ನನ್ನ ಪೆನ್ನು ಉರುಳಿ ಹಿಂದೆಲ್ಲೋ ಹೋಯಿತು, ಸಿಗಲಿಲ್ಲ.
ಆಂಪಿಯರ್ ಮುಳ್ಳು ಕೆಂಪಿನ ಹೊಸ್ತಿಲಲ್ಲಿ ನಡುಗುತ್ತಿತ್ತು,
ಸಾಲ ಕೇಳಲು ಬಂದು ಒಳಗೆ ಹೆಜ್ಜೆಯಿಡದವನ ಹಾಗೆ.
ಕಾದ ವಾರ್ನಿಶ್ಶಿನ ವಾಸನೆ.
ಒಣಗಿದೆಲೆ ಅರೆದು ಹಳಿ ಜಾರಿದಾಗ
ಗಾಲಿ ಒಂದು ಕ್ಷಣ ಇದ್ದಲ್ಲೇ ತಿರುಗಿ ಕಿರುಚಿತು;
ಅವನ ಕಾಲು ಆಗಲೇ ಮರಳಿನ ಪೆಡಲ್ ಮೇಲೆ.
ಸುರಂಗ. ಸುರಂಗ. ನಡುವೆ ಒಂದು ಗುಕ್ಕು ಬೆಳಕು,
ಅದರಲ್ಲಿ ಇಡಿಯಾಗಿ ಹೂತ ಒಂದೇ ಮುತ್ತುಗ,
ಮತ್ತೆ ಸುರಂಗ.

ಠಾಕುರವಾಡಿಯಲ್ಲಿ ಸಿಗ್ನಲ್ ಇಲ್ಲ. ನಿಂತೆವು.
ಇನ್ನು ವಿಶ್ರಾಂತಿ ಅಂದುಕೊಂಡೆ. ಗಡಿಯಾರ ನೋಡಿದೆ, ಅಭ್ಯಾಸ.
ಆಗ ಇಪ್ಪತ್ತೆರಡು ಬೋಗಿ, ಒಂದೊಂದಾಗಿ,
ಕೊಂಡಿಯಿಂದ ಕೊಂಡಿಗೆ ಕಟಕಟ ಕುಗ್ಗುತ್ತ ಬಂದು
ನಮ್ಮ ಮೇಲೆ ಒರಗಿದವು.
ಮಗುವಿಗೆ ಹಾಲು ಕೊಡುತ್ತಿದ್ದವರು, ಇಸ್ಪೀಟಿನವರು,
ಬಾಯಿ ತೆರೆದ ನನ್ನಂಥವರು,
ಒರಗಿದ್ದು ಗೊತ್ತಿಲ್ಲದೆ ಒರಗಿದರು.
ಎಂಜಿನ್ ಒಂದಿಂಚು ಹಿಂದೆ ಸರಿದು, ಹಲ್ಲು ಕಚ್ಚಿ ತಡೆಯಿತು.
ಸಿದ್ರಾಮ ಹಿಡಿಯಿಂದ ಕೈ ತೆಗೆಯಲಿಲ್ಲ,
ಹಣೆಯ ಬೆವರು ಒರೆಸಲಿಕ್ಕೂ.
ರೇಷ್ಮಾ ಒಂದೇ ಅಂಕಿಯನ್ನು ಮತ್ತೆ ಮತ್ತೆ ಓದಿ ಹೇಳುತ್ತಿದ್ದಳು,
ಬದಲಾಗದಿರಲಿ ಎಂದೇ.
ಹದಿನಾಲ್ಕು ನಿಮಿಷ.
ಒಂದು ಮಂಗ ಬಂದು ಗಾಜಿನ ಮುಂದೆ ಕೂತು
ನಮ್ಮ ಬುತ್ತಿ ನೋಡಿ, ನಮ್ಮ ಮುಖ ನೋಡಿ, ಎದ್ದು ಹೋಯಿತು.

ಲೋಣಾವಳಾದಲ್ಲಿ ಕೊಂಡಿ ಬಿಡಿಸಿದರು.
ಗಾಡಿ ಹೋಯಿತು, ಟವೆಲ್ಲು ಮಾತ್ರ ಸ್ವಲ್ಪ ದೂರ ಬೀಸಿತು.
ಹನ್ನೆರಡು ವರ್ಷದ ಪರಿಚಯವಂತೆ ಲೋಬೋಗೂ ಇವನಿಗೂ,
ನಡುವೆ ಐದಡಿ; ಒಮ್ಮೆಯೂ ಕೂಡಿ ಚಹಾ ಕುಡಿದಿಲ್ಲ.

ಇಳಿಯುವಾಗ ಬರೀ ಎಂಜಿನ್. ಕಡಕ್ ರೊಟ್ಟಿ, ಶೇಂಗಾ ಚಟ್ನಿ.
ಕ್ಯಾಚ್ ಸೈಡಿಂಗಿನ ಮುಂದೆ ನಿಂತು, ಸೀಟಿ ಹೊಡೆದು,
ಬ್ರೇಕು ಬದುಕಿದೆ ಎಂದು ರುಜುವಾತು ಕೊಟ್ಟರಷ್ಟೇ ಕೆಳಗಿನ ದಾರಿ;
ಇಲ್ಲವಾದರೆ ಹಳಿಯೇ ತಿರುಗಿಸಿ ಗುಡ್ಡಕ್ಕೆ ಕಳಿಸುತ್ತದೆ.
“ನಿಮ್ಮ ಆಫೀಸಿನಂಗ” ಅಂದಳು ರೇಷ್ಮಾ,
“ಮೊದ್ಲ ನಿಲ್ಲಬೇಕು, ಆಮ್ಯಾಲೆ ನಂಬ್ತಾರ.”

ಮರುದಿನ ಕಡತ ತೆಗೆದೆ.
ಹೊತ್ತು ನಿಂತದ್ದಕ್ಕೆ ಕಾಲಂ ಇಲ್ಲ; ಕಿಲೋಮೀಟರು ಸೊನ್ನೆ.
ಕೆಂಪು ಗೆರೆಯನ್ನಾದರೂ ಅಳಿಸೋಣವೆಂದು ಉಜ್ಜಿದೆ,
ರಬ್ಬರು, ಆಮೇಲೆ ಬ್ಲೇಡು.
ಕಾಗದ ತೂತಾಯಿತು.
ತೂತಿನಾಚೆ ಕೆಳಗಿನ ಹಾಳೆ: ಫೆಬ್ರವರಿ,
ಉಮರಾಣಿ ಎಸ್. ಆರ್.,
ನನ್ನದೇ ಅಕ್ಷರದಲ್ಲಿ ಇಪ್ಪತ್ತೆಂಟು.